ಒಬ್ಬರ ಪಾಪಕ್ಕೆ ಇನ್ನೊಬ್ಬರ ಶಿಲುಬೆಯೇ?

*‘ಮಾಡಿದ್ದುಣ್ಣೋ ಮಹರಾಯ’ ಎಂಬ ಮಾತು ಕೇಳಿಕೊಂಡೇ ಬೆಳೆದವಳು ನಾನು. ಗುಡ್ ಫ್ರೈಡೇ ದಿನ ಗೆಳತಿಯ ಜತೆ ಚರ್ಚಿಗೆ ಹೋಗಿದ್ದೆ. ನಮ್ಮ ಪಾಪಗಳಿಗಾಗಿ ಯೇಸು ಸತ್ತರು ಎಂದರು ಫಾದರ್. ತಪ್ಪು ಒಬ್ಬರದು, ಶಿಕ್ಷೆ ಇನ್ನೊಬ್ಬರಿಗೆ ಅಂದರೆ ಇದು ಯಾವ ನ್ಯಾಯ? ದೇವರು ಸುಮ್ಮನೆ ಕ್ಷಮಿಸಬಹುದಿತ್ತಲ್ಲ?*
– ಪದವಿ ವಿದ್ಯಾರ್ಥಿನಿ, ಹಾಸನ

ಈ ಆಕ್ಷೇಪ ಹೊರಗಿನವರದು ಮಾತ್ರ ಅಂದುಕೊಳ್ಳಬೇಡಿ. 12ನೇ ಶತಮಾನದಲ್ಲಿ ಪ್ಯಾರಿಸ್ಸಿನಲ್ಲಿ ಪಾಠ ಹೇಳುತ್ತಿದ್ದ ಪೀಟರ್ ಅಬೆಲಾರ್ಡ್, ಪೌಲನು ರೋಮಿನವರಿಗೆ ಬರೆದ ಪತ್ರಕ್ಕೆ ಭಾಷ್ಯ ಬರೆಯುತ್ತ, ನಿರಪರಾಧಿಯ ರಕ್ತವನ್ನು ಬೆಲೆಯಾಗಿ ಕೇಳುವುದು ಎಂಥ ಕ್ರೌರ್ಯ ಎಂದು ನಿಮ್ಮಷ್ಟೇ ಖಾರವಾಗಿ ಕೇಳಿದ್ದ.

ಯೇಸುವಿನ ಮರಣದಿಂದ ರಕ್ಷಣೆ ದೊರೆಯಿತು ಎಂಬುದರಲ್ಲಿ ಕ್ರೈಸ್ತ ಸಭೆಗಳಿಗೆ ತಕರಾರಿಲ್ಲ. ಹೇಗೆ ದೊರೆಯಿತು ಎಂಬುದಕ್ಕೆ ಮಾತ್ರ ಪ್ರಾಚೀನ ಮಹಾಸಭೆಗಳು ಒಂದೇ ವಿವರಣೆಯನ್ನು ಗೊತ್ತುಮಾಡಲಿಲ್ಲ. ಹೊಸ ಒಡಂಬಡಿಕೆಯಲ್ಲೇ ಹಲವು ಚಿತ್ರಗಳಿವೆ: ಗುಲಾಮನನ್ನು ಬಿಡಿಸಲು ತೆತ್ತ ಬೆಲೆ, ಪಾಸ್ಕ ಹಬ್ಬದ ಕುರಿಮರಿ, ಸಾವಿನ ಮೇಲೆ ಪಡೆದ ಜಯ, ಮುನಿದವರ ನಡುವಿನ ರಾಜಿ. ಮೊದಲ ಸಾವಿರ ವರ್ಷ ಹೆಚ್ಚು ಕೇಳಿಬಂದದ್ದು ಜಯದ ಮಾತು. ಆರ್ಥಡಾಕ್ಸ್ ಸಭೆಗಳಲ್ಲಿ ಈಗಲೂ ಅದಕ್ಕೇ ಒತ್ತು. 1098ರಲ್ಲಿ ಮುಗಿಸಿದ ತನ್ನ ಗ್ರಂಥದಲ್ಲಿ ದೇವತಾಶಾಸ್ತ್ರಜ್ಞ ಆನ್ಸೆಲ್ಮ್, ಪಾಪವೆಂದರೆ ದೇವರಿಗೆ ಸಲ್ಲಬೇಕಾದ ಗೌರವದ ಬಾಕಿ ಎಂದ. ಬಾಕಿ ಮನುಷ್ಯನದು, ತೀರಿಸುವ ಶಕ್ತಿ ಇರುವುದು ದೇವರಿಗೆ ಮಾತ್ರ, ಹಾಗಾಗಿ ದೇವರೇ ಮನುಷ್ಯರಾದರು ಎಂಬುದು ಅವನ ತರ್ಕ. ನಮಗೆ ಬರಬೇಕಿದ್ದ ಶಿಕ್ಷೆಯನ್ನೇ ಯೇಸು ಅನುಭವಿಸಿದರು ಎಂದು ಇದಕ್ಕೆ ಕೋರ್ಟಿನ ರೂಪ ಕೊಟ್ಟವರಲ್ಲಿ 16ನೇ ಶತಮಾನದ ಕ್ಯಾಲ್ವಿನ್ ಪ್ರಮುಖ. ಆತ ಕಾನೂನು ಓದಿದವನು, ಅದು ಗೊತ್ತಾಗುತ್ತದೆ.

ಪ್ರವಚನಗಳಲ್ಲಿ ಒಂದು ಕಥೆ ಹೇಳಿ ಹೇಳಿ ಸವೆದುಹೋಗಿದೆ. ಮಗನಿಗೆ ದಂಡ ಹಾಕಿದ ನ್ಯಾಯಾಧೀಶ ಪೀಠದಿಂದ ಇಳಿದು ಬಂದು ತಾನೇ ಹಣ ಕಟ್ಟಿದನಂತೆ. ನನಗೆ ಆ ಕಥೆ ಅಷ್ಟಾಗಿ ಹಿಡಿಸುವುದಿಲ್ಲ. ದಂಡದ ಹಣ ಯಾರು ಕಟ್ಟಿದರೂ ನಡೆದೀತು. ಮರಣದಂಡನೆಯನ್ನು ಬೇರೆಯವರ ಹೆಸರಿಗೆ ವರ್ಗಾಯಿಸಲು ಯಾವ ಕೋರ್ಟು ಒಪ್ಪೀತು? ಆದರೂ ಅದರಲ್ಲಿ ಒಂದು ಅಂಶ ಸರಿಯಿದೆ. ತೀರ್ಪು ಕೊಟ್ಟವನೇ ಹಣ ಕಟ್ಟುತ್ತಾನೆ, ದಾರಿಹೋಕನನ್ನು ಹಿಡಿದು ತಂದು ಕಟ್ಟಿಸುವುದಿಲ್ಲ.

ನಿಮ್ಮ ಲೆಕ್ಕದಲ್ಲಿ ಮೂವರಿದ್ದಾರೆ: ಸಿಟ್ಟಾದ ದೇವರು, ತಪ್ಪಿತಸ್ಥ ಮನುಷ್ಯ, ನಡುವೆ ಸಿಕ್ಕಿಬಿದ್ದ ನಿರಪರಾಧಿ. ಕ್ರೈಸ್ತ ವಿಶ್ವಾಸದ ಲೆಕ್ಕದಲ್ಲಿ ಇಬ್ಬರೇ. ಶಿಲುಬೆಯ ಮೇಲಿರುವವರು ಮನುಷ್ಯರಾಗಿ ಬಂದ ದೇವರೇ. ಲೋಕವನ್ನು ತಮ್ಮ ಕಡೆಗೆ ತಿರುಗಿಸಿಕೊಳ್ಳುತ್ತಿದ್ದ ದೇವರು ಕ್ರಿಸ್ತನಲ್ಲೇ ಇದ್ದರು ಎಂಬರ್ಥದ ಮಾತನ್ನು ಪೌಲ ಕೊರಿಂಥದವರಿಗೆ ಬರೆದಿದ್ದಾನೆ. ಇದೊಂದನ್ನು ತೆಗೆದುಬಿಟ್ಟರೆ ನಿಮ್ಮ ಆಕ್ಷೇಪಕ್ಕೆ ಉತ್ತರವೇ ಇಲ್ಲ. ಆಗ ನಾನೂ ನಿಮ್ಮ ಕಡೆಯೇ.

ಸುಮ್ಮನೆ ಕ್ಷಮಿಸುವುದರ ಬಗ್ಗೆ: ನಿಜವಾಗಿ ಮೋಸ ಹೋದವರನ್ನು ಕೇಳಿ ನೋಡಿ. ಕ್ಷಮಿಸಿದ ಮಾತ್ರಕ್ಕೆ ಆದ ನಷ್ಟ ಮಾಯವಾಗುವುದಿಲ್ಲ. ಮೋಸ ಮಾಡಿದವನಿಂದ ವಸೂಲು ಮಾಡದೆ ಬಿಟ್ಟ ಭಾರವನ್ನು ಕ್ಷಮಿಸಿದವರೇ ಹೊರುತ್ತಾರೆ. ದೇವರ ಕ್ಷಮೆಯ ಭಾರ ಎಷ್ಟೆಂಬುದು ಶಿಲುಬೆಯಲ್ಲಿ ಕಾಣುತ್ತದೆ ಎಂದು ಕ್ರೈಸ್ತರು ಹೇಳುವುದು ಈ ಅರ್ಥದಲ್ಲಿ. ಇನ್ನು ನಿಮ್ಮ ಗಾದೆಯನ್ನು ಪೌಲ ತಳ್ಳಿಹಾಕಿಲ್ಲ. ಕ್ರಿಸ್ತ ನಮ್ಮ ಶಾಪವನ್ನು ಹೊತ್ತರು ಎನ್ನುವ ಗಲಾತ್ಯದವರ ಪತ್ರದಲ್ಲೇ, ಮನುಷ್ಯ ಬಿತ್ತಿದ್ದನ್ನೇ ಕೊಯ್ಯುತ್ತಾನೆ ಎಂದೂ ಇದೆ.

*ಶಿಲುಬೆಯ ಮೇಲೆ ಯೇಸು, ದೇವರು ತನ್ನನ್ನು ಕೈಬಿಟ್ಟದ್ದೇಕೆಂದು ಕೂಗಿದರಲ್ಲ, ಕೊನೆಗೆ ನಂಬಿಕೆ ಕಳೆದುಕೊಂಡರೇ?*
– ನಿವೃತ್ತ ಶಿಕ್ಷಕರು, ಉಡುಪಿ

ಈ ಕೂಗನ್ನು ಮಾರ್ಕ ಮತ್ತು ಮತ್ತಾಯ ಮಾತ್ರ ದಾಖಲಿಸಿದ್ದಾರೆ. ಲೂಕ, ಯೋಹಾನರ ಸುವಾರ್ತೆಗಳಲ್ಲಿ ಬೇರೆ ಮಾತುಗಳಿವೆ. ಇದು 22ನೇ ಕೀರ್ತನೆಯ ಮೊದಲ ಸಾಲು, ಆ ಕೀರ್ತನೆ ಮುಗಿಯುವುದು ಸ್ತುತಿಯಲ್ಲಿ, ಹಾಗಾಗಿ ಯೇಸು ನಿರಾಶರಾಗಿರಲಿಲ್ಲ ಎಂದು ಹಲವರು ಸಮಜಾಯಿಷಿ ಕೊಡುತ್ತಾರೆ. ಕೀರ್ತನೆಯ ವಿಚಾರ ನಿಜ, ಸಮಜಾಯಿಷಿ ಮಾತ್ರ ತುಸು ಸಲೀಸಾಯಿತು. ಉಸಿರು ಕಟ್ಟುತ್ತಿರುವ ಮನುಷ್ಯ ಪಾಠ ಒಪ್ಪಿಸುವುದಿಲ್ಲ. ಕೈಬಿಟ್ಟಂತೆ ಅನಿಸಿದ್ದು ನಿಜ. ಹಾಗಿದ್ದೂ ಕೂಗಿದ್ದು ಅದೇ ದೇವರನ್ನು.

ಎರಡನೇ ಮಹಾಯುದ್ಧದಲ್ಲಿ ಸೆರೆ ಸಿಕ್ಕ ಜರ್ಮನಿಯ ಎಳೆಯ ಸೈನಿಕ ಯುರ್ಗನ್ ಮೋಲ್ಟ್‌ಮನ್, ಸ್ಕಾಟ್ಲೆಂಡಿನ ಸೆರೆಶಿಬಿರದಲ್ಲಿ ಮಾರ್ಕನ ಸುವಾರ್ತೆ ಓದುತ್ತಿದ್ದಾಗ ಈ ಕೂಗಿಗೆ ಬಂದು ನಿಂತರು. ತನ್ನ ಸ್ಥಿತಿ ಬಲ್ಲವನೊಬ್ಬ ಇಲ್ಲಿದ್ದಾನೆ ಅನಿಸಿತಂತೆ. ಮುಂದೆ ದೇವತಾಶಾಸ್ತ್ರದ ದೊಡ್ಡ ಹೆಸರಾಗಿ, 1972ರಲ್ಲಿ ‘ಶಿಲುಬೆಗೇರಿದ ದೇವರು’ ಎಂಬ ಗ್ರಂಥ ಬರೆದರು. ದೇವರು ಮೇಲೆ ಕೂತು ಮಗನ ಸಂಕಟ ನೋಡುತ್ತಿರಲಿಲ್ಲ, ಮಗ ಸಾವನ್ನು ಅನುಭವಿಸಿದರೆ ತಂದೆ ಮಗನ ಅಗಲಿಕೆಯನ್ನು ಅನುಭವಿಸಿದರು ಎಂಬುದು ಅವರ ವಾದ. ದೇವರಿಗೆ ನೋವು ತಟ್ಟದು ಎಂಬ ಹಳೆಯ ಸಿದ್ಧಾಂತವನ್ನು ಬಿಡಲೊಲ್ಲದವರು ಇದನ್ನು ಇಂದಿಗೂ ಒಪ್ಪುವುದಿಲ್ಲ.

*ಯೇಸುವನ್ನು ಕೊಂದವರು ಯೆಹೂದ್ಯರೇ ತಾನೇ?*
– ಓದುಗರು, ಬಳ್ಳಾರಿ

ಅಲ್ಲ. ಶಿಲುಬೆ ರೋಮನ್ನರ ಶಿಕ್ಷೆ; ಗುಲಾಮರಿಗೆ, ದಂಗೆಕೋರರಿಗೆ ಮೀಸಲಾಗಿದ್ದದ್ದು. ಆಜ್ಞೆ ಕೊಟ್ಟವನು ಕ್ರಿ.ಶ. 26ರಿಂದ 36ರವರೆಗೆ ಯೂದಾಯವನ್ನಾಳಿದ ಪೊಂತಿಯ ಪಿಲಾತ. ಅವನ ಹೆಸರು ಕೆತ್ತಿದ ಕಲ್ಲೊಂದು 1961ರಲ್ಲಿ ಕೈಸರೈಯದಲ್ಲಿ ಸಿಕ್ಕಿದೆ. ದೇವಾಲಯದ ಮುಖ್ಯ ಯಾಜಕರು ಒತ್ತಾಯ ಮಾಡಿದರೆಂದು ಸುವಾರ್ತೆಗಳು ಹೇಳುತ್ತವೆ, ಆದರೆ ಆ ಹೊಣೆಯನ್ನು ಇಡೀ ಜನಾಂಗದ ಮೇಲೆ ಹೊರಿಸಿ ಯೂರೋಪಿನ ಕ್ರೈಸ್ತರು ಶತಮಾನಗಳ ಕಾಲ ಹರಿಸಿದ ರಕ್ತಕ್ಕೆ ಕ್ಷಮೆಯಿಲ್ಲ. ಕಥೋಲಿಕ ಸಭೆ 1965ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆಯಲ್ಲಿ ಈ ಆರೋಪವನ್ನು ಅಧಿಕೃತವಾಗಿ ತಿರಸ್ಕರಿಸಿತು. ವಿಚಿತ್ರವೆಂದರೆ, ಅದೇ ಸಭೆಯ 1566ರ ಧರ್ಮೋಪದೇಶ ಗ್ರಂಥ, ಪಾಪ ಮಾಡುತ್ತಲೇ ಇರುವ ಕ್ರೈಸ್ತರ ಅಪರಾಧ ಯೆಹೂದ್ಯರದಕ್ಕಿಂತ ದೊಡ್ಡದು ಎಂದು ಆಗಲೇ ಹೇಳಿತ್ತು. ಓದಿದವರು ಕಡಿಮೆ ಇರಬೇಕು.

*ಪಕ್ಕದ ಶಿಲುಬೆಯ ಮೇಲಿದ್ದ ಕಳ್ಳ ಕೊನೇ ಗಳಿಗೆಯಲ್ಲಿ ಒಂದು ಮಾತಾಡಿ ಪರದೈಸಿಗೆ ಹೋದ. ಹಾಗಾದರೆ ಜೀವನವಿಡೀ ಹೇಗಿದ್ದರೂ ನಡೆಯುತ್ತದೆಯೇ?*
– ವ್ಯಾಪಾರಿ, ಮೈಸೂರು

ಕೊನೇ ಗಳಿಗೆ ಯಾವುದೆಂದು ಮೊದಲೇ ತಿಳಿದಿದ್ದರೆ ನಿಮ್ಮ ಲೆಕ್ಕಾಚಾರ ನಡೆಯುತ್ತಿತ್ತೇನೋ! ಲೂಕ ಬರೆದದ್ದನ್ನು ಮತ್ತೊಮ್ಮೆ ಓದಿ. ತನಗಾದ ಶಿಕ್ಷೆ ತನ್ನ ಕೃತ್ಯಕ್ಕೆ ತಕ್ಕದ್ದೇ ಎಂದು ಆತ ಮೊದಲು ಒಪ್ಪಿಕೊಳ್ಳುತ್ತಾನೆ. ಆಮೇಲೆ ಕೇಳುವುದು ತನ್ನನ್ನು ನೆನಪಿಟ್ಟುಕೊಳ್ಳಿ ಎಂದಷ್ಟೇ, ಕೆಳಗಿಳಿಸಿ ಎಂದಲ್ಲ. ಕ್ಷಮೆ ಸಿಕ್ಕಿತು, ಶಿಲುಬೆ ತಪ್ಪಲಿಲ್ಲ. ಸಂಜೆಯ ಹೊತ್ತಿಗೆ ಸೈನಿಕರು ಬಂದು ಅವನ ಕಾಲು ಮುರಿದರು ಎಂದು ಯೋಹಾನನ ಸುವಾರ್ತೆಯಲ್ಲಿದೆ.