ಮೊದಲು ನೀರು ಅಳೆಯಿರಿ, ಆಮೇಲೆ ಬೆಳೆ ಆರಿಸಿ

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗದ ಬಯಲುಸೀಮೆಯಲ್ಲಿ ಬೇಸಿಗೆ ಬೆಳೆಯ ತೀರ್ಮಾನ ಬಹುತೇಕ ಮಾರುಕಟ್ಟೆಯಿಂದ ಶುರುವಾಗುತ್ತದೆ. ಕಳೆದ ಸಲ ಟೊಮೆಟೊಗೆ ಬೆಲೆ ಬಂದಿತ್ತು, ಪಕ್ಕದ ಹೊಲದವರು ಕ್ಯಾಪ್ಸಿಕಂ ಹಾಕುತ್ತಿದ್ದಾರೆ, ನರ್ಸರಿಯಲ್ಲಿ ಸಸಿ ಸಿಗುತ್ತಿದೆ. ಬೆಳೆ ಹೀಗೆ ನಿಶ್ಚಯವಾದ ಮೇಲೆ ಎಷ್ಟು ನೆಲಕ್ಕೆ ಎಂಬ ಪ್ರಶ್ನೆ ಬರುತ್ತದೆ. ಉತ್ತರ ಸಾಮಾನ್ಯವಾಗಿ ‘ಇರುವಷ್ಟಕ್ಕೂ’. ನೀರಿನ ಮಾತು ಬರುವುದು ಕೊನೆಗೆ, ಬೋರು ಬಿಟ್ಟು ಬಿಟ್ಟು ಬರತೊಡಗಿದಾಗ. ಆಗ ಉಳಿಯುವ ದಾರಿಗಳು ಎರಡೇ: ಬೆಳೆ ಒಣಗಲು ಬಿಡುವುದು, ಇಲ್ಲವೇ ಸಾಲ ಮಾಡಿ ಹೊಸ ಪಾಯಿಂಟ್ ಕೊರೆಸುವುದು. ಈ ಕ್ರಮವನ್ನೇ ತಿರುಗಿಸಬೇಕು. ಇರುವ ನೀರು ಎಷ್ಟು ಗುಂಟೆಗೆ ಸಾಕು ಎಂದು ಮೊದಲು ಲೆಕ್ಕ ಹಾಕಿ, ಆ ಗುಂಟೆಗಳಿಗೆ ಬೆಳೆ ಆರಿಸಬೇಕು. ಒಂದೆರಡು ಎಕರೆಯ ಸಣ್ಣ ಹಿಡುವಳಿದಾರರಿಗೆ ಇದು ಅಳಿವು ಉಳಿವಿನ ವಿಷಯ. ಒಂದು ಬೆಳೆ ಕೈಕೊಟ್ಟರೆ ನಷ್ಟ ತುಂಬಿಕೊಳ್ಳಲು ಅವರಿಗೆ ಇನ್ನೊಂದು ಹೊಲವಿಲ್ಲ. ಲೆಕ್ಕಕ್ಕೆ ಬೇಕಾದದ್ದು 200 ಲೀಟರಿನ ಒಂದು ಡ್ರಮ್ಮು, ಒಂದು ಮೊಬೈಲು, ಒಂದು ನೋಟ್‌ಬುಕ್ಕು, ಅಷ್ಟೇ.

ಹೆಜ್ಜೆ 1: ಬೋರಿನ ನೀರನ್ನು ಲೀಟರಿನಲ್ಲಿ ಹಿಡಿಯಿರಿ

‘ಎರಡು ಇಂಚು ನೀರು’ ಎಂಬ ಮಾತು ಕೊರೆಸಿದ ದಿನದ ಸಂತೋಷವನ್ನು ಹೇಳುತ್ತದೆಯೇ ಹೊರತು ಇವತ್ತಿನ ಲೆಕ್ಕವನ್ನಲ್ಲ. ಮೋಟಾರು ಚಾಲೂ ಮಾಡಿದ ಕೂಡಲೇ ಬರುವ ರಭಸವನ್ನೂ ನಂಬಬೇಡಿ. ರಾತ್ರಿಯಿಡೀ ಕೊಳವೆಯಲ್ಲಿ ನಿಂತ ನೀರು ಅದು. ಒಂದು ಗಂಟೆ ಓಡಿದ ಮೇಲೆ ಡ್ರಮ್ಮು ಇಟ್ಟು, ತುಂಬಲು ಎಷ್ಟು ನಿಮಿಷ ಬೇಕೆಂದು ನೋಡಿ. ನಾಲ್ಕು ನಿಮಿಷ ಬೇಕಾದರೆ ನಿಮಿಷಕ್ಕೆ 50 ಲೀಟರ್, ಗಂಟೆಗೆ 3,000 ಲೀಟರ್. ನೀರು ಬಿಟ್ಟು ಬಿಟ್ಟು ಬರುವ ಮೊದಲು ಮೋಟಾರು ಎಷ್ಟು ಗಂಟೆ ಓಡುತ್ತದೆ ಎಂಬುದನ್ನೂ ಬರೆದುಕೊಳ್ಳಿ. ಐದು ಗಂಟೆ ಎಂದಾದರೆ ದಿನಕ್ಕೆ 15,000 ಲೀಟರ್. ತಿಂಗಳಿಗೊಮ್ಮೆ ಹೀಗೆ ಅಳೆದರೆ ವರ್ಷದಲ್ಲಿ ನಿಮ್ಮ ಬೋರಿನ ನಡತೆ ಗೊತ್ತಾಗುತ್ತದೆ. ನಮ್ಮ ಬಯಲುಸೀಮೆಯ ಬಹುಭಾಗದ ನೆಲದಡಿ ಇರುವುದು ಗ್ರಾನೈಟು, ನೈಸ್‌ನಂಥ ಗಟ್ಟಿ ಬಂಡೆ. ನೀರು ನಿಲ್ಲುವುದು ಮೇಲಿನ ಶಿಥಿಲಗೊಂಡ ಪದರದಲ್ಲಿ ಮತ್ತು ಅದರ ಕೆಳಗಿನ ಬಿರುಕುಗಳಲ್ಲಿ. ಆದ್ದರಿಂದ ಮಳೆಗಾಲ ಮುಗಿದಾಗಿನ ಅಳತೆಗೂ ಏಪ್ರಿಲಿನ ಅಳತೆಗೂ ಬಹಳ ಅಂತರವಿರುತ್ತದೆ. ಬೇಸಿಗೆ ಬೆಳೆಗೆ ಹಿಡಿಯಬೇಕಾದದ್ದು ಏಪ್ರಿಲಿನ ಅಳತೆಯನ್ನು.

ಹೆಜ್ಜೆ 2: ಬೆಳೆ ಕೇಳುವ ನೀರನ್ನು ತಿಳಿಯಿರಿ

ಬೆಳೆಯ ನೀರನ್ನು ಮಳೆಯಂತೆಯೇ ಮಿಲಿಮೀಟರಿನಲ್ಲಿ ಎಣಿಸುತ್ತಾರೆ. ಒಂದು ಚದರ ಮೀಟರಿನ ಮೇಲೆ ಒಂದು ಮಿ.ಮೀ. ನೀರು ಎಂದರೆ ಒಂದು ಲೀಟರ್. ಒಂದು ಗುಂಟೆಗೆ ಸುಮಾರು 100 ಲೀಟರ್. ಎಕರೆಗೆ ಸುಮಾರು 4,000 ಲೀಟರ್. ಈ ಮೂರು ಅಂಕಿ ನೆನಪಿದ್ದರೆ ಉಳಿದ ಲೆಕ್ಕ ಸುಲಭ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಅಂದಾಜಿನಂತೆ ಇಡೀ ಬೆಳೆಗಾಲಕ್ಕೆ ಈರುಳ್ಳಿಗೆ 350ರಿಂದ 550 ಮಿ.ಮೀ., ಟೊಮೆಟೊಗೆ 400ರಿಂದ 800, ಶೇಂಗಾಕ್ಕೆ 500ರಿಂದ 700, ಬಾಳೆಗೆ 1,200ರಿಂದ 2,200, ಕಬ್ಬಿಗೆ 1,500ರಿಂದ 2,500 ಮಿ.ಮೀ. ನೀರು ಬೇಕು. ಆದರೆ ಬೆಳೆ ಸೋಲುವುದು ಒಟ್ಟು ಮೊತ್ತದ ಕೊರತೆಯಿಂದಲ್ಲ, ಅತಿ ಹೆಚ್ಚು ನೀರು ಬೇಡುವ ಆ ಎರಡು ಮೂರು ವಾರಗಳಲ್ಲಿ. ತುಂಬಿ ಬೆಳೆದ ಟೊಮೆಟೊ ಹೂವು ಕಾಯಿ ಹಿಡಿಯುವಾಗ ಬಿರುಬೇಸಿಗೆಯ ದಿನಕ್ಕೆ ಸುಮಾರು 6 ಮಿ.ಮೀ. ಕುಡಿಯುತ್ತದೆ, ಅಂದರೆ ಗುಂಟೆಗೆ 600 ಲೀಟರ್. ಲೆಕ್ಕ ನಿಲ್ಲಬೇಕಾದದ್ದು ಈ ಅಂಕಿಯ ಮೇಲೆ.

ಹೆಜ್ಜೆ 3: ಗುಂಟೆ ನಿಗದಿ ಮಾಡಿ

ದಿನಕ್ಕೆ 15,000 ಲೀಟರ್ ಇರುವಲ್ಲಿ ಐದನೇ ಒಂದು ಭಾಗವನ್ನು ಮೀಸಲು ಇಡಿ. ಕರೆಂಟು ಕೈಕೊಡುತ್ತದೆ, ಬಿಸಿಲು ಏರುತ್ತದೆ, ದನಕರುಗಳಿಗೂ ನೀರು ಬೇಕು. ಉಳಿದದ್ದು 12,000 ಲೀಟರ್. ಹನಿ ನೀರಾವರಿಯಲ್ಲಿ ಶೇ 90ರಷ್ಟು ಬೇರಿಗೆ ಮುಟ್ಟುತ್ತದೆ ಎಂದು ಹಿಡಿದರೆ ಬೆಳೆಗೆ ಸಿಗುವುದು 10,800 ಲೀಟರ್. ಇದನ್ನು ಗುಂಟೆಗೆ 600ರಂತೆ ಭಾಗಿಸಿದರೆ 18 ಗುಂಟೆ. ಕಾಲುವೆ ಮಾಡಿ ಹಾಯಿಸುವುದಾದರೆ ಬೇರಿಗೆ ಮುಟ್ಟುವುದು ಸುಮಾರು ಶೇ 60, ಆಗ 12 ಗುಂಟೆ ಮಾತ್ರ. ಅದೇ ಬೋರನ್ನು ನಂಬಿ ಪೂರ್ತಿ ಎಕರೆ ನಾಟಿ ಮಾಡಿದರೆ, ಮೀಸಲು ಬಿಡದೆ ಡ್ರಿಪ್ಪಿನಲ್ಲಿ ಅಷ್ಟನ್ನೂ ಹರಿಸಿದರೂ, ಅಗತ್ಯದ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ ಸಿಗುತ್ತದೆ. ಹೂವು ಉದುರುತ್ತದೆ, ಕಾಯಿಯ ತುದಿ ಕೊಳೆಯುತ್ತದೆ, ಗಾತ್ರ ಬರುವುದಿಲ್ಲ. ಆದರೆ ಸಸಿ, ಗೊಬ್ಬರ, ಕೋಲು, ಔಷಧಿ, ಕೂಲಿ ಎಲ್ಲದಕ್ಕೂ ಪೂರ್ತಿ ಎಕರೆಯ ಖರ್ಚು ಆಗಿರುತ್ತದೆ.

ಹೆಜ್ಜೆ 4: ಉಳಿದ ಹೊಲವನ್ನು ಮಳೆಗೆ ಒಪ್ಪಿಸಿ

ವರ್ಷಕ್ಕೆ 600 ಮಿ.ಮೀ. ಮಳೆ ಬೀಳುವ ಕಡೆ ಒಂದೊಂದು ಎಕರೆಯ ಮೇಲೂ ಸುರಿಯುವುದು ಸುಮಾರು 24 ಲಕ್ಷ ಲೀಟರ್. ಮೇಲಿನ ಬೋರು 120 ದಿನ ಓಡಿದರೂ ಕೊಡುವುದು 18 ಲಕ್ಷ. ಹಾಗಾಗಿ ರೈತರ ದೊಡ್ಡ ನೀರಿನ ಮೂಲ ಇವತ್ತಿಗೂ ಆಕಾಶವೇ. ಇಳಿಜಾರಿಗೆ ಅಡ್ಡಲಾಗಿ ಉಳುಮೆ, ಗಟ್ಟಿಯಾದ ಬದು, ರಾಗಿಯ ನಡುವೆ ತೊಗರಿ, ಅವರೆಯ ಅಕ್ಕಡಿ ಸಾಲು, ಕೊಯ್ಲಾದ ಮೇಲೆ ಕಸಕಡ್ಡಿಯ ಹೊದಿಕೆ: ಇವೆಲ್ಲ ಈ ನೀರನ್ನು ಹೊಲದಲ್ಲೇ ಹಿಡಿಯುವ ಉಪಾಯಗಳು. ಹರಿದು ಹೋಗುವುದಕ್ಕೆ ಕೃಷಿ ಹೊಂಡವಿದೆ. ಮೇಲ್ಭಾಗ 15ಕ್ಕೆ 15 ಮೀಟರ್, ತಳ 9ಕ್ಕೆ 9 ಮೀಟರ್, ಆಳ 3 ಮೀಟರ್ ಇರುವ ಹೊಂಡ ತುಂಬಿದರೆ ಸುಮಾರು 4.4 ಲಕ್ಷ ಲೀಟರ್. ದಿನಕ್ಕೆ 5 ಮಿ.ಮೀ. ಆವಿಯಾದರೆ ನೂರು ದಿನದಲ್ಲಿ ಹೆಚ್ಚುಕಡಿಮೆ 1.1 ಲಕ್ಷ ಹೋಗುತ್ತದೆ. ತಳಕ್ಕೆ ಪಾಲಿಥಿನ್ ಹಾಸಿ ಇಂಗುವುದನ್ನು ತಡೆದಿದ್ದರೆ ಉಳಿದದ್ದರಲ್ಲಿ ಒಂದು ಎಕರೆಗೆ 40 ಮಿ.ಮೀ.ನಂತೆ ಎರಡು ಸಲ ಹಾಯಿಸಬಹುದು. ಆ ಎರಡು ನೀರನ್ನು ಸರಿಯಾದ ವೇಳೆಗೆ ಕಾಯ್ದಿಡಬೇಕು: ಶೇಂಗಾಕ್ಕೆ ಹೂವಾದ ಮೇಲೆ ಸೂಜಿ ಮಣ್ಣಿಗಿಳಿಯುವಾಗ ಮತ್ತು ಕಾಯಿ ಕಟ್ಟುವಾಗ, ರಾಗಿಗೆ ತೆಂಡೆ ಒಡೆಯುವಾಗ ಮತ್ತು ತೆನೆ ಬರುವಾಗ. ರಾಜ್ಯ ಸರ್ಕಾರ 2014-15ರಲ್ಲಿ ಆರಂಭಿಸಿದ ಕೃಷಿ ಭಾಗ್ಯ ಯೋಜನೆ ಹೊಂಡ ತೋಡಲು, ಪಾಲಿಥಿನ್ ಹೊದಿಕೆಗೆ, ನೀರೆತ್ತಲು ನೆರವು ಕೊಡುವ ಉದ್ದೇಶದ್ದು. ಈಗಿನ ನಿಯಮಗಳನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.

ಹೆಜ್ಜೆ 5: ಕರೆಂಟಿಗಲ್ಲ, ಮಣ್ಣಿಗೆ ನೀರು ಬಿಡಿ

2008ರಿಂದ 10 ಎಚ್.ಪಿ.ವರೆಗಿನ ಪಂಪ್‌ಸೆಟ್ಟುಗಳಿಗೆ ವಿದ್ಯುತ್ ಉಚಿತ. ಸಣ್ಣ ರೈತರಿಗೆ ಅದು ಆಸರೆಯೇ. ಆದರೆ ಕರೆಂಟು ಯಾವಾಗ ಬರುತ್ತದೋ ಗೊತ್ತಿಲ್ಲವೆಂದು ಆಟೊ ಸ್ಟಾರ್ಟರ್ ಹಾಕಿಬಿಟ್ಟರೆ ಹಸಿ ನೆಲಕ್ಕೂ ನೀರು ಬೀಳುತ್ತದೆ, ಬೇರಿನ ಕೆಳಗೆ ಗೊಬ್ಬರವೂ ತೊಳೆದು ಹೋಗುತ್ತದೆ. ನೀರು ಬಿಡುವ ಮೊದಲು ಬುಡದ ಪಕ್ಕ ಒಂದು ಗೇಣು ಅಗೆದು ಮಣ್ಣು ಹಿಡಿದು ನೋಡಿ. ಅಂಗೈಯಲ್ಲಿ ಒತ್ತಿದಾಗ ಉಂಡೆ ಕಟ್ಟಿದರೆ ಹದವಿದೆ, ಆ ದಿನ ನೀರು ಬೇಡ; ಪುಡಿಯಾಗಿ ಉದುರಿದರೆ ನೀರು ಕೊಡಿ. ಕಪ್ಪು ಮಣ್ಣು ಹದವನ್ನು ಹೆಚ್ಚು ದಿನ ಹಿಡಿಯುತ್ತದೆ, ಕೆಂಪು ಮರಳುಮಿಶ್ರಿತ ಮಣ್ಣಿಗೆ ಸ್ವಲ್ಪಸ್ವಲ್ಪವೇ ಮೇಲಿಂದ ಮೇಲೆ ಕೊಡಬೇಕು. ಟೈಮರ್ ಇರುವ ಸ್ಟಾರ್ಟರ್ ಹಾಕಿಸಿದರೆ ಲೆಕ್ಕ ಹಾಕಿದಷ್ಟೇ ಗಂಟೆ ಓಡಿ ನಿಲ್ಲುತ್ತದೆ.

ಆಕ್ಷೇಪಗಳಿಗೆ ಉತ್ತರ

‘ಡ್ರಿಪ್ ಹಾಕಿದ ಮೇಲೆ ಈ ಲೆಕ್ಕವೆಲ್ಲ ಯಾಕೆ?’ ಎಂಬುದು ಮೊದಲ ಪ್ರಶ್ನೆ. ಡ್ರಿಪ್ ಒಳ್ಳೆಯ ಸಾಧನ, ಅದರ ಬಗ್ಗೆ ತಕರಾರಿಲ್ಲ. ಆದರೆ ಉಳಿದ ನೀರನ್ನು ಇನ್ನಷ್ಟು ಗುಂಟೆಗೆ ಹರಡಿದರೆ ಬೋರಿನ ಮೇಲಿನ ಹೊರೆ ಒಂದು ಹನಿಯೂ ಇಳಿಯುವುದಿಲ್ಲ. 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವಿಜ್ಞಾನಿಗಳ ತಂಡವೊಂದು ಇದನ್ನೇ ಹೇಳಿತು: ಬಳಕೆಗೆ ಮಿತಿ ಹಾಕದೆ ನೀರಾವರಿಯ ದಕ್ಷತೆಯನ್ನಷ್ಟೇ ಹೆಚ್ಚಿಸಿದರೆ ಒಟ್ಟು ಬಳಕೆ ಇಳಿಯುವುದು ಅಪರೂಪ. ‘ಕಡಿಮೆ ಗುಂಟೆಯಲ್ಲಿ ಸಂಸಾರ ನಡೆಯುತ್ತದೆಯೇ?’ ಎಂಬುದು ಎರಡನೆಯ, ಹೆಚ್ಚು ಭಾರದ ಪ್ರಶ್ನೆ. ಇಲ್ಲಿ ಟೊಮೆಟೊ ಬಿಡಿ ಎಂದು ಯಾರೂ ಹೇಳುತ್ತಿಲ್ಲ. ನೀರು ಸಾಕಾಗುವ 18 ಗುಂಟೆಯಲ್ಲಿ ಗಟ್ಟಿ ಬೆಳೆ ತೆಗೆದು, ಉಳಿದ ನೆಲದಲ್ಲಿ ಮಳೆಗಾಲದ ರಾಗಿ, ಅವರೆ ತೆಗೆದರೆ ಮನೆಗೆ ಕಾಳು, ದನಕ್ಕೆ ಹುಲ್ಲು ಖಾತ್ರಿ. ಬೆಲೆ ಕುಸಿದ ವರ್ಷ ಸಾಲದ ಮೊತ್ತವೂ ಸಣ್ಣದಾಗಿರುತ್ತದೆ. ಆದಾಯವನ್ನು ಎಕರೆಗೆ ಇಷ್ಟು ಎಂದು ಎಣಿಸುವ ಬದಲು ಸಾವಿರ ಲೀಟರಿಗೆ ಇಷ್ಟು ಎಂದು ಎಣಿಸಿ ನೋಡಿದರೆ ಯಾವ ಬೆಳೆ ನಿಜಕ್ಕೂ ಲಾಭದ್ದು ಎಂಬುದು ತಿಳಿಯುತ್ತದೆ.

‘ನಾನು ಉಳಿಸಿದ ನೀರನ್ನು ಪಕ್ಕದವರು ಎತ್ತಿಕೊಳ್ಳುತ್ತಾರೆ’ ಎಂಬ ಮೂರನೆಯ ಮಾತು ಸತ್ಯ. ಗಟ್ಟಿ ಬಂಡೆಯ ಪ್ರದೇಶದಲ್ಲಿ ಬಿದ್ದ ಮಳೆಯಲ್ಲಿ ಅಂತರ್ಜಲಕ್ಕೆ ಸೇರುವುದು ಶೇ 10ರ ಆಸುಪಾಸು. ಎರಡು ಎಕರೆಯಿಂದ ಇಂಗುವುದು ಐದು ಲಕ್ಷ ಲೀಟರಿಗೂ ಕಡಿಮೆ, ಮೇಲಿನ ಬೋರು ಒಂದು ಬೇಸಿಗೆಯಲ್ಲಿ ಎತ್ತುವುದು 18 ಲಕ್ಷ. ಅಂದರೆ ಪ್ರತಿ ಬೋರೂ ನೆರೆಹೊರೆಯವರ ನೀರನ್ನೇ ಎತ್ತುತ್ತಿದೆ. ಆದ್ದರಿಂದ ಆರನೆಯ ಹೆಜ್ಜೆ ಊರಿನದು. ಕೋಲಾರದ ನೆರೆಯ ಚಿತ್ತೂರು, ತುಮಕೂರಿನ ನೆರೆಯ ಅನಂತಪುರ ಸೇರಿ ಅಂದಿನ ಆಂಧ್ರಪ್ರದೇಶದ ಏಳು ಜಿಲ್ಲೆಗಳಲ್ಲಿ 2000ದ ದಶಕದಲ್ಲಿ, ಆಹಾರ ಮತ್ತು ಕೃಷಿ ಸಂಸ್ಥೆಯ ಬೆಂಬಲದ ಯೋಜನೆಯೊಂದರಲ್ಲಿ, ರೈತರೇ ಮಳೆ ಮತ್ತು ಬಾವಿಯ ಮಟ್ಟ ಅಳೆದು, ಹಿಂಗಾರಿಗೆ ಮೊದಲು ಒಟ್ಟಿಗೆ ಕೂತು ನೀರಿನ ಆಯವ್ಯಯ ಮಂಡಿಸಿದರು. ಯಾರ ಮೇಲೂ ಒತ್ತಾಯವಿರಲಿಲ್ಲ. ಲೆಕ್ಕ ಕಣ್ಣೆದುರು ಬಂದಾಗ ಅನೇಕರು ತಾವಾಗಿಯೇ ಬೆಳೆ ಬದಲಿಸಿದರು. ವರ್ಷಕ್ಕೆ ಸುಮಾರು 400 ಮಿ.ಮೀ. ಮಳೆಯ ಮಹಾರಾಷ್ಟ್ರದ ಹಿವರೆ ಬಜಾರ್ ಗ್ರಾಮ ಇನ್ನೂ ಮುಂದೆ ಹೋಯಿತು: ನೀರಾವರಿಗೆ ಕೊಳವೆಬಾವಿ ಬೇಡ, ಕಬ್ಬು ಬಾಳೆ ಬೇಡ ಎಂದು ಗ್ರಾಮಸಭೆಯೇ ನಿರ್ಧರಿಸಿ ಪಾಲಿಸಿತು. ಕರ್ನಾಟಕದಲ್ಲಿ 2011ರ ಅಂತರ್ಜಲ ಕಾಯ್ದೆ ಇದೆ, ಆದರೆ ಕಾಯ್ದೆ ಪ್ರತಿ ಹೊಲದಲ್ಲಿ ಕಾವಲು ನಿಲ್ಲಲಾರದು. ನೆರೆಹೊರೆಯ ಹತ್ತು ಬೋರುಗಳ ಮಾಲೀಕರು ಒಂದು ಕಡೆ ಕೂತು ತಮ್ಮ ಅಳತೆಗಳನ್ನು ಹೋಲಿಸಿದರೆ ಕೆಲಸ ಶುರುವಾದಂತೆ.

ಮುಂದಿನ ಬೇಸಿಗೆಯ ಸಸಿಗೆ ಮುಂಗಡ ಕೊಡುವ ಮೊದಲು ಡ್ರಮ್ಮು ಇಟ್ಟು ನೀರು ಅಳೆಯಿರಿ, ಗುಂಟೆ ಲೆಕ್ಕ ಹಾಕಿ, ಅದನ್ನು ಪಕ್ಕದ ಹೊಲದವರಿಗೂ ತೋರಿಸಿ. ಈ ಲೆಕ್ಕಕ್ಕೆ ಒಂದು ರೂಪಾಯಿಯ ಖರ್ಚೂ ಇಲ್ಲ.