ಹಲ್ಲಿನ ಕ್ಷ-ಕಿರಣ ಚಿತ್ರದಲ್ಲಿ ಕಾಣುವ ಕಪ್ಪು ಗುರುತುಗಳು

ಮಗುವಿನ ಹಲ್ಲುನೋವಿಗೆಂದು ಆಸ್ಪತ್ರೆಗೆ ಹೋದ ತಂದೆತಾಯಿಗಳಿಗೆ ವೈದ್ಯರು ಕ್ಷ-ಕಿರಣ ಚಿತ್ರವನ್ನು ತೋರಿಸುವುದುಂಟು. ಅದರಲ್ಲಿ ಕಪ್ಪಾಗಿ ಕಂಡದ್ದೆಲ್ಲವೂ ಹುಳುಕಲ್ಲ.

1895ರಲ್ಲಿ ಜರ್ಮನಿಯ ವಿಜ್ಞಾನಿ ರಾಂಟ್ಜೆನ್ ಕಂಡುಹಿಡಿದ ಈ ಕಿರಣಗಳು ಗಟ್ಟಿಯಾದ ವಸ್ತುವನ್ನು ಸುಲಭವಾಗಿ ಹಾಯ್ದುಹೋಗಲಾರವು. ಆದುದರಿಂದ ಗಟ್ಟಿ ಭಾಗವು ಬಿಳುಪಾಗಿಯೂ ಮೃದು ಭಾಗವು ಕಪ್ಪಾಗಿಯೂ ಮೂಡುತ್ತದೆ. ಹಲ್ಲಿನ ಹೊರಕವಚವಾದ ಎನಾಮೆಲ್ ನಮ್ಮ ಶರೀರದಲ್ಲಿಯೇ ಅತ್ಯಂತ ಗಟ್ಟಿಯಾದುದು. ಅದು ಅಚ್ಚ ಬಿಳುಪಾಗಿರುತ್ತದೆ. ಅದರ ಒಳಪದರ ಬೂದುಬಣ್ಣ. ನಟ್ಟನಡುವೆ ಬೇರಿನ ತುದಿಯವರೆಗೆ ಇಳಿದಿರುವ ಕಪ್ಪು ಗೆರೆಯು ನರ ಮತ್ತು ರಕ್ತನಾಳಗಳಿರುವ ತಿರುಳು. ಇದು ಆರೋಗ್ಯವಂತ ಹಲ್ಲಿನಲ್ಲಿಯೂ ಇರತಕ್ಕದ್ದೇ. ದೊಡ್ಡವರ ಕೆಳದವಡೆಯಲ್ಲಿ, ಕೋರೆಹಲ್ಲಿನ ಹಿಂದಿನ ಎರಡು ಹಲ್ಲುಗಳ ಬೇರಿನ ಬಳಿ, ದುಂಡನೆಯ ಕಪ್ಪು ಚುಕ್ಕೆಯೊಂದು ಕಾಣಬಹುದು. ಅದು ತುಟಿಗೂ ಗದ್ದಕ್ಕೂ ನರವು ಹೊರಬರುವ ರಂಧ್ರ. ಇದನ್ನು ಕೀವೆಂದು ಭ್ರಮಿಸುವ ಸಂಭವವುಂಟು. ಬೇರಿನ ಸುತ್ತಲಿನ ತೆಳುವಾದ ಬಿಳಿಗೆರೆ ಮುರಿಯದೆ ಉಳಿದಿದೆಯೇ ಎಂಬುದನ್ನು ವೈದ್ಯರು ಪರೀಕ್ಷಿಸುವುದು ಇದಕ್ಕಾಗಿಯೇ.

ಹುಳುಕಿನ ಗುರುತು ಬೇರೆ. ಎರಡು ಹಲ್ಲುಗಳು ಒಂದಕ್ಕೊಂದು ತಾಗುವ ಎಡೆಯಲ್ಲಿ, ಎನಾಮೆಲಿನ ಬಿಳುಪನ್ನು ಕೊರೆದು ಒಳಕ್ಕೆ ಚಾಚಿದ ಕಪ್ಪು ಕಚ್ಚಿನಂತೆ ಅದು ತೋರುತ್ತದೆ. ಅಂತಹ ಹಲ್ಲು ಕನ್ನಡಿಯಲ್ಲಿ ನೋಡಿದರೆ ಚೊಕ್ಕಟವಾಗಿಯೇ ಕಾಣಬಹುದು. ಆದರೆ ಆಗತಾನೆ ಪ್ರಾರಂಭವಾದ ಹುಳುಕು ಚಿತ್ರದಲ್ಲಿ ಮೂಡುವುದಿಲ್ಲ. ಮೂಡಿದಾಗಲೂ ವಾಸ್ತವದ ಹಾನಿ ಅದಕ್ಕಿಂತ ಹೆಚ್ಚಾಗಿಯೇ ಇರುತ್ತದೆ. ಹುಳು ಮಾತ್ರ ಯಾವ ಚಿತ್ರದಲ್ಲಿಯೂ ಕಾಣದು, ಏಕೆಂದರೆ ಅಲ್ಲಿ ಹುಳುವೇ ಇಲ್ಲ. ಬಾಯಿಯಲ್ಲಿನ ಸೂಕ್ಷ್ಮಜೀವಿಗಳು ಸಕ್ಕರೆ ಬೆಲ್ಲಗಳನ್ನು ಆಮ್ಲವಾಗಿಸಿ ಹಲ್ಲನ್ನು ಕರಗಿಸುತ್ತವೆ. ಹಲ್ಲಿಗೆ ಹೊಗೆ ಹಾಕಿಸುವುದು ನಿಷ್ಪ್ರಯೋಜಕ.

ಮಕ್ಕಳ ಚಿತ್ರದಲ್ಲಿ ಹಾಲುಹಲ್ಲಿನ ಬೇರುಗಳ ಕೆಳಗೆ ಇನ್ನೂ ಹುಟ್ಟದ ಹಲ್ಲೊಂದು ಮಲಗಿರುವುದು ಕಾಣುತ್ತದೆ. ಇದು ರೋಗವಲ್ಲ, ಮುಂದೆ ಬರಲಿರುವ ಶಾಶ್ವತ ಹಲ್ಲು. ಹೇಗೂ ಬೀಳುವ ಹಲ್ಲು ತಾನೇ ಎಂದು ಹಾಲುಹಲ್ಲಿನ ಹುಳುಕನ್ನು ಅಲಕ್ಷಿಸಿದರೆ, ಬೇರಿನ ಕೀವು ಈ ಎಳೆಯ ಹಲ್ಲನ್ನೂ ಕೆಡಿಸಬಹುದು. ಹಾಲಿನ ದವಡೆಹಲ್ಲುಗಳು ಬೀಳುವುದು ಸುಮಾರು 10ರಿಂದ 12ನೆಯ ವಯಸ್ಸಿನಲ್ಲಿ. ಅಲ್ಲದೆ, ಸುಮಾರು 6ನೆಯ ವಯಸ್ಸಿಗೆ ಅವುಗಳ ಹಿಂದೆ ಹುಟ್ಟುವ ದವಡೆಹಲ್ಲು ಹಾಲುಹಲ್ಲೇ ಅಲ್ಲ. ಯಾವ ಹಲ್ಲೂ ಬೀಳದೆ ಅದು ಬರುವುದರಿಂದ ಎಷ್ಟೋ ಮನೆಗಳಲ್ಲಿ ಇದು ತಿಳಿಯುವುದೇ ಇಲ್ಲ. ಅದನ್ನು ಕಳೆದುಕೊಂಡರೆ ಮತ್ತೊಂದು ಹುಟ್ಟದು.

ಗರ್ಭಿಣಿಯು ಚಿತ್ರ ತೆಗೆಸುವ ಮೊದಲೇ ವೈದ್ಯರಿಗೆ ವಿಷಯ ತಿಳಿಸಬೇಕು. ಆದರೆ ಹಲ್ಲಿನ ಚಿತ್ರಕ್ಕೆ ಬೇಕಾಗುವ ಕಿರಣ ಅತ್ಯಲ್ಪ. ಅದನ್ನು ಹಾಯಿಸುವುದು ದವಡೆಯತ್ತಲೇ ಹೊರತು ಹೊಟ್ಟೆಯತ್ತ ಅಲ್ಲ. ವೈದ್ಯರು ಅವಶ್ಯವೆಂದರೆ ಹಿಂಜರಿಯಬೇಕಾಗಿಲ್ಲ. ಕೀವುಗಟ್ಟಿದ ಹಲ್ಲಿನ ನೋವನ್ನು ಹೆರಿಗೆಯವರೆಗೆ ಸಹಿಸಿಕೊಂಡಿರುವುದೇ ಅಪಾಯಕರ.