ಡಿವಿಡಿ ಪ್ಲೇಯರ್ ಇಟ್ಟುಕೊಂಡವರ ಮಾತು

ಎರಡೂವರೆ ಸಾವಿರ ರೂಪಾಯಿಯ ಸಾಮಾನಿಗೆ ಯಾರೂ ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. ಫ್ರಿಜ್ ಕೊಳ್ಳಲು ನಾಲ್ಕು ಅಂಗಡಿ ಸುತ್ತುವವರೂ ಡಿವಿಡಿ ಪ್ಲೇಯರ್ ಅಂದರೆ ಫೋನಿನಲ್ಲಿ ನಕ್ಷತ್ರ ಎಣಿಸಿ ಆರ್ಡರ್ ಹಾಕಿಬಿಡುತ್ತಾರೆ. ನಾನು ಹಾಗೆ ಮಾಡದೇ ಇದ್ದದ್ದಕ್ಕೆ ಜಾಣತನ ಕಾರಣವಲ್ಲ, ಅಮ್ಮ ಕಾರಣ. ತೀರ್ಥಹಳ್ಳಿ ಕಡೆಯ ಮನೆಯಲ್ಲಿ ಅವಳ ಹಳೆಯ ಪ್ಲೇಯರ್ ನಿಂತುಹೋಗಿತ್ತು. ಹೊಸದು ತರುತ್ತೇನೆ ಅಂದರೆ, "ತಗೊಂಡು ಬಾ ಮಾರಾಯ್ತಿ. ಅದೂ ಕೆಟ್ಟರೆ ಶಿವಮೊಗ್ಗಕ್ಕೆ ಹೊತ್ಕೊಂಡು ಹೋಗೋರು ಯಾರು ಅಂತ ಅದನ್ನೂ ಹೇಳು" ಅಂದಳು. ಪ್ರಶ್ನೆ ಸರಿಯಾಗಿಯೇ ಇತ್ತು. ಹಾಗಾಗಿ ಕೊಳ್ಳುವ ಮೊದಲು, ಈಗಾಗಲೇ ಮನೆಯಲ್ಲಿ ಪ್ಲೇಯರ್ ಇಟ್ಟುಕೊಂಡವರನ್ನು ಕೇಳುತ್ತ ಹೋದೆ.

ಈ ಕಾಲದಲ್ಲೂ ಡಿವಿಡಿಯೇ ಎಂದು ಹುಬ್ಬೇರಿಸುವವರು ಅಮ್ಮನ ಗೋಡೆ ಬೀರು ನೋಡಬೇಕು. ಯಕ್ಷಗಾನದ ಡಿಸ್ಕ್‌ಗಳದ್ದೇ ಒಂದು ಸಾಲು. ರಾತ್ರಿಯಿಡೀ ನಡೆದ ಆಟವನ್ನು ರೆಕಾರ್ಡ್ ಮಾಡಿ ಹಲವು ಡಿಸ್ಕ್‌ಗಳಿಗೆ ಹಂಚಿ ಮಾರುತ್ತಿದ್ದ ಕಾಲದವು. ಪಕ್ಕದಲ್ಲಿ ತಂಗಿಯ ಮದುವೆ, ಅಪ್ಪನ ಅರವತ್ತರ ಶಾಂತಿ. ಮೋಸರ್ ಬೇರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರಲು ಶುರುಮಾಡಿದಾಗ ಅಪ್ಪ ಪೇಟೆಗೆ ಹೋದಾಗಲೆಲ್ಲ ಹಿಡಿದುಕೊಂಡು ಬಂದ ಸಿನಿಮಾಗಳು ಕೆಳಗಿನ ಅಂಕಣದಲ್ಲಿವೆ. ಆ ಕಂಪನಿಯ ಬಾಗಿಲು ಮುಚ್ಚಿಸುವ ಆದೇಶ 2018ರಲ್ಲೇ ಬಂತು. ಅದು ಮಾರಿದ ಡಿಸ್ಕ್‌ಗಳು ಇವತ್ತಿಗೂ ಓಡುತ್ತವೆ. ಯಕ್ಷಗಾನ ಯೂಟ್ಯೂಬ್‌ನಲ್ಲಿ ಸಿಗುವುದಿಲ್ಲವೇ ಎಂದರೆ ಧಾರಾಳವಾಗಿ ಸಿಗುತ್ತದೆ. ಆದರೆ ಮೊಬೈಲ್ ಸಿಗ್ನಲ್ ಅಂಗಳದ ತುದಿಗೆ ಹೋದರೆ ಮಾತ್ರ ಸಿಗುವ ಮನೆಯಲ್ಲಿ ಯೂಟ್ಯೂಬ್ ಇಟ್ಟುಕೊಂಡು ಏನು ಮಾಡುವುದು? ತಂಗಿಯ ಮದುವೆಯಂತೂ ಯಾವ ಓಟಿಟಿಯಲ್ಲೂ ಬರುವುದಿಲ್ಲ.

ಮೊದಲು ಸಿಕ್ಕವರು ನಮ್ಮ ಬೀದಿಯವರೇ. ದೀಪಾವಳಿಗೆ ಪ್ಲೇಯರ್ ತಂದಿದ್ದರು. "ಸೂಪರ್ ಆಗಿದೆ, ಪಿಕ್ಚರ್ ಎಷ್ಟು ಕ್ಲಿಯರ್ ಗೊತ್ತಾ" ಅಂದರು. ಯಾವ ಡಿಸ್ಕ್ ಹಾಕಿದಿರಿ ಎಂದು ಕೇಳಿದೆ. ಮಗನ ನಾಮಕರಣದ್ದು, ಅದೂ ಒಂದು ಸಲ. ಆಮೇಲೆ ಪ್ಲೇಯರ್ ಟಿವಿ ಕೆಳಗಿನ ಖಾನೆ ಸೇರಿದೆ. ಇಂಥವರು ಸುಳ್ಳು ಹೇಳುತ್ತಾರೆ ಎಂದಲ್ಲ. ದುಡ್ಡು ಕೊಟ್ಟ ಮೊದಲ ವಾರ ಯಾವ ಸಾಮಾನಾದರೂ ಚೆನ್ನಾಗಿಯೇ ಕಾಣುತ್ತದೆ. ಫೋನಿನಲ್ಲಿ ಕಾಣುವ ಐದು ನಕ್ಷತ್ರಗಳಲ್ಲಿ ಬಹಳಷ್ಟು ಇಂಥ ಮೊದಲ ವಾರದ ನಕ್ಷತ್ರಗಳೇ. ಡಬ್ಬಿ ಒಡೆದಿರಲಿಲ್ಲ, ಬೇಗ ಬಂತು, ಡೆಲಿವರಿ ಹುಡುಗ ಒಳ್ಳೆಯವನು ಅನ್ನುವುದಕ್ಕೂ ಅಲ್ಲಿ ನಕ್ಷತ್ರ ಬೀಳುತ್ತದೆ.

ಇನ್ನೊಂದು ಕಡೆ, ಅದೇ ಮಾಡೆಲ್ಲನ್ನು ಇನ್ನೊಬ್ಬರು ಬಾಯಿಗೆ ಬಂದಂತೆ ಬೈದರು. "ಚಿತ್ರ ಎಲ್ಲ ಮಂಜು ಮಂಜು. ದುಡ್ಡು ದಂಡ." ಅವರ ಮನೆಗೆ ಹೋಗಿ ನೋಡಿದೆ. ಗೋಡೆಯ ತುಂಬ ಹೊಸ ಟಿವಿ. ತಪ್ಪು ಪ್ಲೇಯರ್‌ನದ್ದಲ್ಲ. ನಮ್ಮ ದೇಶದ ಡಿವಿಡಿಯಲ್ಲಿ ಇರುವುದು 720 ಅಡ್ಡ, 576 ಉದ್ದದ ಚುಕ್ಕಿಗಳು, ಅಂದರೆ ನಾಲ್ಕು ಲಕ್ಷಕ್ಕೆ ತುಸು ಹೆಚ್ಚು. ಫುಲ್ ಎಚ್‌ಡಿ ಟಿವಿಗೆ ಬೇಕಾದ್ದು ಇಪ್ಪತ್ತು ಲಕ್ಷದ ಮೇಲೆ. ಒಂದು ಚುಕ್ಕಿಯನ್ನು ಐದಾಗಿ ಎಳೆದು ಹರಡಬೇಕು. ವಿಸಿಡಿಯದ್ದು ಇನ್ನೂ ಕಷ್ಟ, ಅಲ್ಲಿರುವುದೇ 352 ಅಡ್ಡ, 288 ಉದ್ದ. ಹಳೆಯ 21 ಇಂಚಿನ ದಪ್ಪ ಟಿವಿಯಲ್ಲಿ ಕಣ್ಣಿಗೆ ಹಿತವಾಗಿದ್ದ ಚಿತ್ರ ದೊಡ್ಡ ಪರದೆಯಲ್ಲಿ ಮಂಜಾಗದೆ ಇನ್ನೇನಾಗುತ್ತದೆ? ಹಳದಿ, ಕೆಂಪು, ಬಿಳಿ ಪಿನ್ನಿನ ವೈರು ಬಿಟ್ಟು ಎಚ್‌ಡಿಎಂಐ ಕೇಬಲ್ ಹಾಕಿದರೆ ಬಣ್ಣ ಮತ್ತು ಅಂಚು ಒಂದಿಷ್ಟು ಸುಧಾರಿಸುತ್ತವೆ, ಪವಾಡವೇನೂ ನಡೆಯುವುದಿಲ್ಲ. ಈಗಿನ ಎಷ್ಟೋ ಟಿವಿಗಳಲ್ಲಿ ಆ ಮೂರು ಬಣ್ಣದ ತೂತುಗಳೇ ಇಲ್ಲ ಎನ್ನುವುದು ಬೇರೆ ಮಾತು. ಟಿವಿಯ ಬೆನ್ನು ನೋಡದೆ ಪ್ಲೇಯರ್ ತಂದರೆ ಮಾರನೇ ದಿನ ಕನೆಕ್ಟರ್ ಹುಡುಕಿಕೊಂಡು ಅಲೆಯಬೇಕು, ಅದಕ್ಕೆ ಬೇರೆ ಖರ್ಚು.

ಸಾಗರದಲ್ಲಿರುವ ಚಿಕ್ಕಪ್ಪನ ಪ್ಲೇಯರ್ ವರ್ಷಗಳಿಂದ ಒಂದು ಸ್ಕ್ರೂ ಬಿಚ್ಚಿಸಿಕೊಂಡಿಲ್ಲ. "ಅದಕ್ಕೇನಾಗ್ತದೆ? ಕಲ್ಲಿನ ಹಾಗಿದೆ" ಅಂತ ಅವರ ವಾದ. ನಾನು, "ಚಿಕ್ಕಪ್ಪ, ನೀವು ಅದರಲ್ಲಿ ಏನೇನು ಹಾಕ್ತೀರಿ?" ಎಂದು ಕೇಳಿದೆ. ಭಾನುವಾರ ಮಧ್ಯಾಹ್ನ ಒಂದು ಸಿನಿಮಾ, ಅದೂ ಅಂಗಡಿಯ ಒರಿಜಿನಲ್ ಡಿಸ್ಕ್ ಮಾತ್ರ. ನೋಡಿದ ಕೂಡಲೇ ಕವರಿಗೆ ಹಾಕಿ ಇಡುತ್ತಾರೆ, ಗುಡುಗು ಕೇಳಿದರೆ ಪ್ಲಗ್ ಕಿತ್ತಿಡುತ್ತಾರೆ. ಅವರ ಪ್ಲೇಯರ್ ಬಾಳಿದ್ದಕ್ಕೆ ಕಂಪನಿಗಿಂತ ಚಿಕ್ಕಪ್ಪನೇ ದೊಡ್ಡ ಕಾರಣ. ಮೈಸೂರಿನಲ್ಲಿ ಭರತನಾಟ್ಯದ ಕ್ಲಾಸು ನಡೆಸುವ ಗೆಳತಿಯದ್ದು ಇದಕ್ಕೆ ಪೂರ್ತಿ ಉಲ್ಟಾ. ಮಕ್ಕಳಿಗೆ ತೋರಿಸುವಾಗ ಒಂದೇ ಜತಿಯನ್ನು ನಿಲ್ಲಿಸಿ, ಹಿಂದೆ ಓಡಿಸಿ, ಮತ್ತೆ ಹಾಕಿ, ಸಂಜೆಯಿಡೀ ಅದೇ ಕೆಲಸ. ಅವಳ ಪ್ಲೇಯರ್‌ನಲ್ಲಿ ಮೊದಲು ಸತ್ತದ್ದು ರಿಮೋಟಿನ ಪಾಸ್ ಬಟನ್. ಅಗ್ಗದ ಪ್ಲೇಯರ್‌ಗಳ ಮುಖದ ಮೇಲೆ ಪ್ಲೇ, ಸ್ಟಾಪ್, ಟ್ರೇ ಬಟನ್ ಬಿಟ್ಟರೆ ಇನ್ನೇನೂ ಇರುವುದಿಲ್ಲ. ರಿಮೋಟ್ ಹೋಯಿತೆಂದರೆ ಭಾಷೆ ಬದಲಿಸಲೂ ಆಗದು, ಪರದೆಯ ಅಳತೆ ಸರಿಮಾಡಲೂ ಆಗದು. "ಇಷ್ಟು ದರಿದ್ರ ಸಾಮಾನು ನೋಡಿಲ್ಲ ಕಣೇ" ಅಂದಳು. ಚಿಕ್ಕಪ್ಪನದೂ ಅವಳದೂ ಹೆಚ್ಚುಕಡಿಮೆ ಒಂದೇ ದರದ ಪ್ಲೇಯರ್.

ಇಷ್ಟು ಕೇಳಿದ ಮೇಲೆ ನನಗೆ ಒಂದು ವಿಷಯ ಖಚಿತವಾಯಿತು. ಹೇಗಿದೆ ಎಂದು ಕೇಳಿ ಪ್ರಯೋಜನವಿಲ್ಲ. ಎಷ್ಟು ಕಾಲವಾಯಿತು, ಯಾವ ಡಿಸ್ಕ್ ಹಾಕುತ್ತೀರಿ, ಕೆಟ್ಟಾಗ ಯಾರು ಎಷ್ಟು ತೆಗೆದುಕೊಂಡರು ಎಂದು ಕೇಳಬೇಕು. ಮೂರನೆಯ ಪ್ರಶ್ನೆಗೆ ಉತ್ತರವಿಲ್ಲದವರ ಹೊಗಳಿಕೆಯನ್ನೂ ತೆಗಳಿಕೆಯನ್ನೂ ನಾನು ಲೆಕ್ಕಕ್ಕೆ ಹಿಡಿಯುವುದನ್ನು ಬಿಟ್ಟೆ.

ಆ ಮೂರನೆಯ ಪ್ರಶ್ನೆಗೆ ಎಲ್ಲರಿಗಿಂತ ಚೆನ್ನಾಗಿ ಉತ್ತರ ಕೊಟ್ಟವನು ಪೇಟೆಯ ರಿಪೇರಿ ಅಂಗಡಿಯ ಹುಡುಗ. ಅಮ್ಮನ ಸತ್ತ ಪ್ಲೇಯರನ್ನು ಅವನ ಮುಂದಿಟ್ಟೆ. ಹಿಂದಿನ, ಪಕ್ಕದ ಸ್ಕ್ರೂ ಬಿಚ್ಚಿ ತಗಡಿನ ಮುಚ್ಚಳ ಎತ್ತಿದ. ಒಳಗೆ ಮುಕ್ಕಾಲು ಪೆಟ್ಟಿಗೆ ಖಾಲಿ! ಮಧ್ಯೆ ಡಿಸ್ಕ್ ತಿರುಗುವ ಯಂತ್ರ, ಎಡಕ್ಕೆ ಕರೆಂಟ್ ಇಳಿಸುವ ಬೋರ್ಡ್, ಬಲಕ್ಕೆ ಅಂಗೈಯಗಲದ ಇನ್ನೊಂದು ಬೋರ್ಡ್. ಟ್ರೇ ತಳ್ಳುವ ಪುಟ್ಟ ರಬ್ಬರ್ ಬೆಲ್ಟನ್ನು ಚಿಮುಟದಲ್ಲಿ ಎತ್ತಿ ತೋರಿಸಿದ. ಬಳೆಗಿಂತ ಚಿಕ್ಕದು, ಜೋತುಬಿದ್ದಿತ್ತು. "ಟ್ರೇ ಹೊರಗೆ ಬರಲ್ಲ ಅಂತ ಎಸೀತಾರಲ್ಲ ಅಕ್ಕ, ಅರ್ಧಕ್ಕರ್ಧ ಈ ಬೆಲ್ಟಿಗೆ." ಕರೆಂಟ್ ಬೋರ್ಡಿನಲ್ಲಿ ಒಂದು ಕೆಪಾಸಿಟರಿನ ತಲೆ ಉಬ್ಬಿತ್ತು. ನಮ್ಮ ಕಡೆ ವೋಲ್ಟೇಜ್ ಮಳೆಗಾಲದಲ್ಲಿ ಕುಣಿಯುವ ಕುಣಿತಕ್ಕೆ ಮೊದಲು ಬಲಿಯಾಗುವುದು ಅದೇ ಅಂತೆ.

ನಂತರ ಲೆನ್ಸ್. ಡಿವಿಡಿ ಓದಲು 650 ನ್ಯಾನೋಮೀಟರಿನ ಕೆಂಪು ಲೇಸರ್ ಬೇಕು, ಸಿಡಿ, ವಿಸಿಡಿಗೆ 780ರದ್ದು. ಎರಡೂ ಒಂದೇ ಲೆನ್ಸಿನ ಕೆಳಗೆ ಕೂತಿರುತ್ತವೆ. ವಿಸಿಡಿ ಓಡುತ್ತದೆ, ಡಿವಿಡಿ ಹಾಕಿದರೆ ಡಿಸ್ಕ್ ಇಲ್ಲ ಎನ್ನುತ್ತದೆ ಎಂಬ ದೂರು ಇದರಿಂದಲೇ. ಒಂದು ಲೇಸರ್ ಸುಸ್ತಾಗಿರುತ್ತದೆ, ಇನ್ನೊಂದು ಗಟ್ಟಿಯಾಗಿರುತ್ತದೆ. ಕೆಲವೊಮ್ಮೆ ಬರೀ ಧೂಳು. ಹತ್ತಿಗೆ ಸ್ಪಿರಿಟ್ ಅದ್ದಿ ಮೃದುವಾಗಿ ಒರೆಸಿದರೆ ಮುಗಿಯಿತು. ಅಮ್ಮನದು ಧೂಳಿನದಲ್ಲ. ಅದೇ ಪ್ಲೇಯರ್‌ನಲ್ಲಿ ಕಂಪ್ಯೂಟರಿನಲ್ಲಿ ಬರೆಸಿದ ಕಾಪಿ ಡಿಸ್ಕ್‌ಗಳನ್ನು ವರ್ಷಗಟ್ಟಲೆ ಓಡಿಸಿದ್ದೆವು. ಕಾರ್ಖಾನೆಯಲ್ಲಿ ಅಚ್ಚೊತ್ತಿದ ಡಿಸ್ಕಿನಷ್ಟು ಚೆನ್ನಾಗಿ ಬೆಳಕನ್ನು ವಾಪಸು ಕಳಿಸದ ಡಿಸ್ಕ್‌ಗಳು ಅವು. ಲೇಸರ್ ಸ್ವಲ್ಪ ಸೋತರೂ ಮೊದಲು ಕೈಕೊಡುವುದು ಅವೇ. ಚಿಕ್ಕಪ್ಪನ ಪ್ಲೇಯರ್ ಕಲ್ಲಿನ ಹಾಗಿರುವ ಗುಟ್ಟು ನನಗೆ ಆಗ ಇನ್ನೂ ಸ್ಪಷ್ಟವಾಯಿತು.

ಯಾವ ಕಂಪನಿಯದು ಕೊಳ್ಳಲಿ ಎಂದಾಗ ಹುಡುಗ ನಕ್ಕ. ಆ ಅಂಗೈಯಗಲದ ಬೋರ್ಡಿನ ಮೇಲಿನ ಚಿಪ್ ತೋರಿಸಿದ. ಮೀಡಿಯಾಟೆಕ್ 1389. ಹೆಸರು ಕೇಳಿದ, ಕೇಳದ ಎಷ್ಟೋ ಕಂಪನಿಗಳ ಅಗ್ಗದ ಪ್ಲೇಯರ್‌ಗಳಲ್ಲಿ ಇದೇ ಸರಣಿಯ ಚಿಪ್ ಕೂತಿರುತ್ತದೆ. ಚಿತ್ರದಲ್ಲಿ ದೊಡ್ಡ ವ್ಯತ್ಯಾಸ ಎಲ್ಲಿಂದ ಬರಬೇಕು? "ಅಕ್ಕ, ಹೆಸರು ನೋಡಬೇಡಿ. ನನ್ನ ಹತ್ರ ಲೆನ್ಸ್ ಸಿಗೋ ಮಾಡೆಲ್ ತಗೊಳ್ಳಿ" ಅಂದ. ಸರ್ವಿಸ್ ಸೆಂಟರ್ ಊರಿನಿಂದ ದೂರ ಇರುವವರಿಗೆ ಇದಕ್ಕಿಂತ ಒಳ್ಳೆಯ ಸಲಹೆಯನ್ನು ನಾನು ಬೇರೆಲ್ಲೂ ಕೇಳಲಿಲ್ಲ.

ದುಡ್ಡಿನ ಲೆಕ್ಕಕ್ಕೆ ಬರೋಣ. ನಾನು ಕೊಂಡದ್ದು 2,400 ರೂಪಾಯಿಯದು, ಎಚ್‌ಡಿಎಂಐ ಮತ್ತು ಹಳೆಯ ಮೂರು ಪಿನ್ನು ಎರಡೂ ಇರುವುದು. ಡಬ್ಬಿಯಲ್ಲಿ ಎಚ್‌ಡಿಎಂಐ ಕೇಬಲ್ ಇರಲಿಲ್ಲ, ಅದಕ್ಕೆ 200. ಜೊತೆಯಲ್ಲೇ ಒಂದು ಹೆಚ್ಚುವರಿ ರಿಮೋಟ್ ತೆಗೆದುಕೊಂಡೆ, 150. ಮಾಡೆಲ್ ನಿಂತುಹೋದ ಮೇಲೆ ರಿಮೋಟ್ ಹುಡುಕುವ ಪಾಡು ಗೆಳತಿಯನ್ನು ನೋಡಿ ಗೊತ್ತಿತ್ತು. ಎಂದಾದರೂ ಒಮ್ಮೆ ಲೆನ್ಸ್ ಬದಲಿಸಬೇಕಾಗುತ್ತದೆ ಎಂದು, ನಮ್ಮ ಹುಡುಗನ ಇವತ್ತಿನ ಕೂಲಿ ಸೇರಿಸಿ 450 ಹಿಡಿದೆ. ಒಟ್ಟು 3,200. ಇದೇ ನಿಜವಾದ ಬೆಲೆ. ಕರೆಂಟಿನ ಚಿಂತೆ ಬೇಡ. ಹತ್ತು ವಾಟಿನ ಲೆಕ್ಕದಲ್ಲಿ ದಿನಕ್ಕೆ ಎರಡು ಗಂಟೆ ಓಡಿಸಿದರೂ ತಿಂಗಳಿಗೆ ಒಂದು ಯೂನಿಟ್ ತುಂಬುವುದಿಲ್ಲ.

ಅಂಗಡಿಯವರು ಇನ್ನೆರಡು ವರ್ಷದ ವಾರಂಟಿಗೆ 400 ರೂಪಾಯಿ ಕೇಳಿದರು. ಕಾಗದವನ್ನು ಅಲ್ಲೇ ನಿಂತು ಓದಿದೆ. ರಿಮೋಟ್ ಇಲ್ಲ, ಲೆನ್ಸ್ ಇಲ್ಲ, ವೋಲ್ಟೇಜಿನಿಂದಾದ ಹಾನಿ ಇಲ್ಲ. ಕೆಡುವುದೇ ಈ ಮೂರು! ಉಳಿದದ್ದು ತಗಡು. ಆ 400 ರೂಪಾಯಿಗೆ ಒಂದು ಒಳ್ಳೆಯ ಸ್ಪೈಕ್ ಗಾರ್ಡ್ ತಂದು ಟಿವಿಗೂ ಪ್ಲೇಯರಿಗೂ ಸೇರಿಸಿ ಹಾಕಿದೆ. ಸಿಡಿಲಿಗೆ ಅದೂ ಸಾಲದು, ಪ್ಲಗ್ ಕೀಳಲೇಬೇಕು.

ಸೆಕೆಂಡ್ ಹ್ಯಾಂಡ್ ವಿಚಾರವನ್ನೂ ಯೋಚಿಸಿದ್ದೆ. ಬೆಂಗಳೂರಿನ ಸಂಡೇ ಬಜಾರಿನಲ್ಲಿ ಚೌಕಾಸಿ ಮಾಡಿದರೆ ನಾನೂರು ಐನೂರಕ್ಕೆ ಪ್ಲೇಯರ್ ಸಿಗುತ್ತದೆ. ಲೇಸರ್ ಎಷ್ಟು ಗಂಟೆ ಉರಿದಿದೆ ಎನ್ನುವುದು ಎಲ್ಲೂ ಬರೆದಿರುವುದಿಲ್ಲ, ಅಂಗಡಿಯವನು ಹಾಕಿ ತೋರಿಸುವ ಡಿಸ್ಕ್ ಯಾವಾಗಲೂ ಒರಿಜಿನಲ್ಲೇ. ಹೋಗುವುದಾದರೆ ನಿಮ್ಮ ಮನೆಯ ಅತಿ ಹಳೆಯ ಕಾಪಿ ಡಿಸ್ಕ್ ಒಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಅದು ಓಡಿದರೆ ಮಾತ್ರ ದುಡ್ಡು ಕೊಡಿ.

ಅಗ್ಗದ ಪ್ಲೇಯರಿಗೆ ಒಂದು ಅನಿರೀಕ್ಷಿತ ಗುಣವಿದೆ. ಡಿವಿಡಿಗಳಿಗೆ ದೇಶವಾರು ಬೀಗವಿರುತ್ತದೆ. ಭಾರತದ್ದು 5ನೇ ವಲಯ, ಅಮೆರಿಕದ್ದು 1ನೇ ವಲಯ. ಅಮೆರಿಕದಿಂದ ಅಣ್ಣನ ಮಕ್ಕಳು ತಂದ ಕಾರ್ಟೂನ್ ಡಿಸ್ಕನ್ನು ಇಲ್ಲಿನ ದುಬಾರಿ ಪ್ಲೇಯರ್ ಒಪ್ಪದೆ ಹೊರಗೆ ತಳ್ಳಿದ್ದಿದೆ. ಅಗ್ಗದವುಗಳಲ್ಲಿ ಎಷ್ಟೋ ಈ ಬೀಗದ ಗೊಡವೆಗೇ ಹೋಗುವುದಿಲ್ಲ, ಹಾಕಿದ್ದನ್ನು ಓಡಿಸುತ್ತವೆ. ಪೆನ್‌ಡ್ರೈವ್ ಬಗ್ಗೆ ಮಾತ್ರ ಡಬ್ಬಿಯ ಮೇಲಿನ ಮಾತನ್ನು ನಂಬಬೇಡಿ. ಯುಎಸ್‌ಬಿ ಇದೆ ಎಂದು ದೊಡ್ಡದಾಗಿ ಬರೆದಿರುತ್ತಾರೆ. ಹಾಡು ಓಡುತ್ತದೆ, ಫೋಟೋ ಕಾಣುತ್ತದೆ, ಇವತ್ತು ಮೊಬೈಲಿನಲ್ಲಿ ತೆಗೆದ ವಿಡಿಯೋ ಹಾಕಿದರೆ ಕಪ್ಪು ಪರದೆ. ಒಳಗಿನ ಹಳೆಯ ಚಿಪ್ಪಿಗೆ ಹೊಸ ವಿಡಿಯೋ ಬಿಚ್ಚಲು ಬರುವುದಿಲ್ಲ, ಅಷ್ಟೆ. ಇಟ್ಟುಕೊಂಡವರ ಸಿಟ್ಟಿನಲ್ಲಿ ದೊಡ್ಡ ಪಾಲು ಈ ಯುಎಸ್‌ಬಿ ಮೇಲೆಯೇ ಇತ್ತು, ಮತ್ತು ಆ ಸಿಟ್ಟು ನ್ಯಾಯವಾದದ್ದು.

ನನ್ನ ತೀರ್ಮಾನ ಹೇಳುತ್ತೇನೆ. ಮನೆಯಲ್ಲಿ ಡಿಸ್ಕ್‌ಗಳಿದ್ದು, ಅವನ್ನು ಹಾಕಿ ನೋಡುವ ಹಿರಿಯರೋ ಮಕ್ಕಳೋ ಇದ್ದು, ಇಂಟರ್‌ನೆಟ್ ನೆಚ್ಚಿಕೊಳ್ಳುವ ಹಾಗಿಲ್ಲದಿದ್ದರೆ ಈ ಸಾಮಾನಿಗೆ 3,200 ಹಾಕುವುದು ದಂಡವಲ್ಲ. ವರ್ಷಕ್ಕೊಮ್ಮೆ ಮದುವೆ ಡಿಸ್ಕ್ ನೋಡಲು ಮಾತ್ರ ಬೇಕಿದ್ದರೆ ಕೊಳ್ಳಬೇಡಿ. ಅದರ ಬದಲು ಡಿಸ್ಕನ್ನೇ ಫೋಟೋ ಸ್ಟುಡಿಯೋಗೆ ಕೊಟ್ಟು ಪೆನ್‌ಡ್ರೈವಿಗೆ ಹಾಕಿಸಿಕೊಳ್ಳಿ. ಸ್ಟುಡಿಯೋದವರು ಬರೆದುಕೊಡುತ್ತಿದ್ದ ಡಿಸ್ಕ್‌ಗಳಲ್ಲಿ ಚಿತ್ರ ಉಳಿಯುವುದು ಬಣ್ಣದ ಒಂದು ಪದರದಲ್ಲಿ. ಬಿಸಿಲು, ತೇವ, ವರ್ಷ ಕಳೆದಂತೆ ಅದು ಮಾಸುತ್ತದೆ, ಆಮೇಲೆ ಎಷ್ಟು ಬೆಲೆಯ ಪ್ಲೇಯರ್ ತಂದರೂ ಓದಲಾಗದು. ತಂಗಿಯ ಮದುವೆಯ ಡಿಸ್ಕಿನಲ್ಲಿ ಧಾರೆಯ ಭಾಗ ಆಗಲೇ ತಡವರಿಸುತ್ತಿತ್ತು. ನಮ್ಮೂರಿನ ಸ್ಟುಡಿಯೋದವರು ಡಿಸ್ಕ್ ಒಂದಕ್ಕೆ 150 ತೆಗೆದುಕೊಂಡು ಸಿಕ್ಕಷ್ಟನ್ನು ತೆಗೆದುಕೊಟ್ಟರು. ಪೆನ್‌ಡ್ರೈವ್ ನೀವೇ ಒಯ್ಯಿರಿ, ಅವರ ಹತ್ತಿರ ಕೊಂಡರೆ ದುಬಾರಿ. ಪ್ರತಿ ಎರಡು ಮಾಡಿಸಿ, ಒಂದನ್ನು ಬೇರೆ ಮನೆಯಲ್ಲಿಡಿ.